ಶೀಸೆಯ ಕೊರಳಿನ ಕರಿದಾರ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಆ ಕಾಲಕ್ಕೆ ಹುಟ್ಟಿದ ಮಕ್ಕಳೆಲ್ಲ ಹಾಜರಾಬಿಯ ಕೈಮೇಲೆ ಹುಟ್ಟಿದವರು. ನನ್ನ ಹಿರಿಯ ಮಗನೂ ಹಾಗೆಯೇ ಬಂದವನು. ನಮ್ಮದು ಲಿಂಗಾಯತರ ಮನೆ, ಅವಳದು ಮುಸಲ್ಮಾನರ ಮನೆ, ನಡುವೆ ಒಂದು ಮಣ್ಣಿನ ಗೋಡೆ. ಹೆರಿಗೆಗೆ ಕರೆ ಬಂದರೆ ಯಾರ ಮನೆ ಎಂದು ಅವಳು ಕೇಳುತ್ತಿರಲಿಲ್ಲ. ಉಣ್ಣುತ್ತ ಕೂತಿದ್ದರೂ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು ನಡೆಯುತ್ತಿದ್ದಳು. ನಮ್ಮ ಜೊತೆ ಕನ್ನಡವೇ ಮಾತು. ಅಳು ಬಂದಾಗ ಮಾತ್ರ ತನ್ನ ಮನೆಮಾತಿಗೆ ತಿರುಗುತ್ತಿದ್ದಳು. ಆಗ ನಮಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ.

ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳನ್ನು ತವರಿಗೆ ಕರೆತಂದು ತಾನೇ ಹೆರಿಗೆ ಮಾಡಿಸಿದ್ದಳು. ಕೂಸು ಸತ್ತೇ ಹುಟ್ಟಿತು. ತಾಯಿಗೆ ಬಾಣಂತಿ ಜ್ವರ ಬಂದು ಅವಳೂ ಹೋದಳು. ಓಣಿಯವರು ಬಂದು ಕೂತು, ದೇವರ ಇಚ್ಛೆ ಎಂದು ಹೇಳಿ ಎದ್ದು ಹೋದರು. ಬಾಣಂತಿ ಜ್ವರ ಎಂದರೆ ಆಗ ಅಷ್ಟೇ. ಮಳೆ ಬಂದ ಹಾಗೆ, ಬರದ ಹಾಗೆ.

ಮುಂದೆ ಒಂದೆರಡು ವರ್ಷಕ್ಕೆ ನಮ್ಮ ಓಣಿಯ ಹತ್ತಿರದ ದವಾಖಾನೆಗೆ ಸುಹಾಸಿನಿಬಾಯಿ ಎಂಬ ನರ್ಸಬಾಯಿ ಬಂದರು. ಇನ್ನೂ ಸಣ್ಣ ವಯಸ್ಸು, ಬಿಳಿ ಸೀರೆ, ಗಟ್ಟಿ ದನಿ. ಊರಿನ ಸೂಲಗಿತ್ತಿಯರನ್ನೆಲ್ಲ ಕರೆಸಿ, ದವಾಖಾನೆಯ ಪಡಸಾಲೆಯಲ್ಲಿ ಕೂಡಿಸಿ ಪಾಠ ಹೇಳತೊಡಗಿದರು. ಹಾಜರಾಬಿ ಒಬ್ಬಳೇ ಹೋಗಲು ನಾಚಿ ನನ್ನನ್ನೂ ಕರೆದುಕೊಂಡು ಹೋದಳು. ಮೊದಲ ದಿನವೇ ಬಾಯಿಯವರು ಹೇಳಿದರು:

"ಬಾಣಂತಿ ಜ್ವರ ದೇವರು ಕಳಸೂದಿಲ್ಲ. ಸೂಲಗಿತ್ತಿ ಕೈಯಿಂದ ಬರತೈತಿ."

ಸುಳ್ಳ ಎಂಬ ಹಳ್ಳಿಯಿಂದ ಬಂದಿದ್ದ ಸೂಲಗಿತ್ತಿ ಬೀರವ್ವ ಎಲೆ ಅಡಿಕೆ ಅಗಿಯುತ್ತ ಅಂದಳು: "ನಮ್ಮ ಕೈಯಾಗ ಜ್ವರ ಇದ್ರ ಮೊದಲ ನಮಗ ಬರಬೇಕಿತ್ತಲ್ರೀ ಬಾಯಾರ. ನನ್ನ ನೋಡ್ರಿ, ಗುಂಡುಕಲ್ಲಿನಂಗ ಅದೇನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಜರಾಬಿ ಮಾತ್ರ ನಗಲಿಲ್ಲ. ಪಾಠ ಮುಗಿದು ಎಲ್ಲರೂ ಹೊರಟ ಮೇಲೆ ಬಾಗಿಲಲ್ಲಿ ನಿಂತು ಕೇಳಿದಳು:

"ಬಾಯಾರ, ನನ್ನ ಹಿರೇ ಮಗಳಿಗೂ ನನ್ನ ಕೈಯಿಂದನ ಬಂತೇನ್ರಿ?"

ಸುಹಾಸಿನಿಬಾಯಿಯವರು ಇಲ್ಲ ಎನ್ನಬಹುದಾಗಿತ್ತು. ಅವರು ಸುಳ್ಳು ಹೇಳುವ ವಯಸ್ಸಿಗೆ ಇನ್ನೂ ಬಂದಿರಲಿಲ್ಲ. "ಇರಬಹುದು" ಅಂದರು.

ಅವತ್ತಿನಿಂದ ಹಾಜರಾಬಿಯ ಬದುಕಿನಲ್ಲಿ ಉಳಿದದ್ದು ಒಂದೇ ಕೆಲಸ. ಕಿರಿಯ ಮಗಳು ಸಿತಾರಾ ಆಗಿನ್ನೂ ಲಂಗ ಉಡುವ ಹುಡುಗಿ. ಅವಳು ದೊಡ್ಡವಳಾಗಿ, ಮದುವೆಯಾಗಿ, ಬಸುರಾಗಿ ಬಂದಾಗ ಅವಳನ್ನು ತೊಳೆದ ಕೈಯಿಂದ ಹೆರಿಗೆ ಮಾಡಿಸಿ ಜೀವಂತ ಗಂಡನ ಮನೆಗೆ ಕಳಿಸಬೇಕು. ಆ ಮಾತನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ. ಹಿಟ್ಟು ನಾದುವಾಗ ಹೇಳುತ್ತಿದ್ದಳು, ಕಟ್ಟೆಯ ಮೇಲೆ ಅಕ್ಕಿ ಆರಿಸುವಾಗ ಹೇಳುತ್ತಿದ್ದಳು.

ಕೈ ತೊಳೆಯಲು ದವಾಖಾನೆಯವರು ಕೊಡುತ್ತಿದ್ದದ್ದು ಪಾದರಸದಿಂದ ಮಾಡಿದ ರಸಕರ್ಪೂರದ ನೀರು. ನಾವು ಅದಕ್ಕೆ ಕೈನೀರು ಎನ್ನುತ್ತಿದ್ದೆವು. ಗಟ್ಟಿಯಾಗಿ ಕಲಸಿದ ನೀರು. ಒಂದು ಚಮಚವನ್ನು ಒಂದು ತಂಬಿಗೆ ಕಾಯಿಸಿ ಆರಿಸಿದ ನೀರಿಗೆ ಹಾಕಿಕೊಳ್ಳಬೇಕು. ವಾಸನೆ ಇಲ್ಲ. ಗೊತ್ತಾಗಲಿ ಎಂದು ಅದಕ್ಕೆ ನೀಲಿ ಬಣ್ಣ ಹಾಕಿರುತ್ತಿದ್ದರು. ಅದನ್ನು ಕೊಡುತ್ತಿದ್ದವರು ಕಂಪೌಂಡರ್ ಶಾಂತಯ್ಯನವರು, ತೆಳ್ಳಗಿನ ಮನುಷ್ಯ, ಹಣೆತುಂಬ ವಿಭೂತಿ. ಕೊಡುವಾಗ ಪ್ರತಿ ಸಲವೂ ಹೇಳುತ್ತಿದ್ದರು: "ಇದು ವಿಷ. ಹೊಟ್ಟಿಗೆ ಹೋದ್ರ ಮನಷಾ ಉಳಿಯೂದಿಲ್ಲ. ತಪ್ಪಿ ಹೋದ್ರ ತತ್ತಿಯ ಬಿಳಿದು ಕುಡಸ್ರಿ, ಓಡಿ ಬರ್ರಿ."

ಬೇರೆ ಔಷಧಕ್ಕಾದರೆ ನಾವೇ ಮನೆಯಿಂದ ಶೀಸೆ ಒಯ್ಯಬೇಕು. ಕೆಮ್ಮಿಗೆ ಒಂದು, ಜ್ವರಕ್ಕೆ ಒಂದು, ತೊಳೆದುಕೊಂಡು ಹೋಗಿ ಕಿಟಕಿಯಲ್ಲಿ ಹಿಡಿಯಬೇಕು. ವಿಷದ ಔಷಧಕ್ಕೆ ಮಾತ್ರ ದವಾಖಾನೆಯದೇ ಶೀಸೆ: ಮೈಮೇಲೆ ಉದ್ದಕ್ಕೂ ಉಬ್ಬಿದ ಗೀರುಗಳಿರುವ ದಪ್ಪ ಗಾಜು, ಮೇಲೆ ಕೆಂಪು ಚೀಟಿ. ಓದಲು ಬಾರದವನಿಗೆ ಕೆಂಪು, ಕತ್ತಲಲ್ಲಿ ತಡಕುವವನಿಗೆ ಗೀರು. ಬೆರಳಿಗೆ ಗೀರು ತಾಗಿತೆಂದರೆ ಕೈ ಹಿಂದೆ ಬರಬೇಕು ಎಂದು ಆ ಕಾಯಿದೆ.

ಪೇಟೆಯಲ್ಲಿ ಇಂಥ ಕಾಯಿದೆ ಯಾವುದೂ ಇರಲಿಲ್ಲ. ಕೂಸು ಅತ್ತರೆ ಮಲಗಿಸುವ ಅಫೀಮಿನ ಗುಳಿಗೆ, ಜಂತುಹುಳಕ್ಕೆ ಒಂದು ಪುಡಿ, ಹೆಸರು ಹೇಳಿದರೆ ರಸಕರ್ಪೂರವೂ ಸಿಗುತ್ತಿತ್ತು. ಅಂಗಡಿಯವನು ಹಳೇ ಕಾಗದದಲ್ಲಿ ಕಟ್ಟಿ, ಮುಂದಿನವರಿಗೆ ಏನು ಬೇಕೆಂದು ಕೇಳುತ್ತಿದ್ದ. ಅದಕ್ಕೇ ಹಾಜರಾಬಿಗೆ ಆ ಗೀರು ಶೀಸೆಯ ಮೇಲೆ ಅಷ್ಟು ಅಭಿಮಾನ. ಅದು ತಿಳಿದವರ ಮನೆಯ ವಸ್ತು ಎಂದು ಅವಳ ಲೆಕ್ಕ.

ಆದರೆ ನಮ್ಮ ಓಣಿಯ ಹೆಣ್ಣುಮಕ್ಕಳಿಗೂ ಆ ಶೀಸೆ ಬೇಕಾಗಿತ್ತು, ಬೇರೆ ಕಾರಣಕ್ಕೆ. ದವಾಖಾನೆಯ ಹೊರಗೆ ಬೇವಿನ ಗಿಡದ ಕೆಳಗೆ ಗುಲಾಬಸಾಬ ಎಂಬುವನು ಹಳೇ ಶೀಸೆ ತೊಳೆದು ಮಾರುತ್ತ ಕೂಡುತ್ತಿದ್ದ. ಒಂದು ದಿನ ಅವನ ಗೋಣಿತಟ್ಟಿನ ಮೇಲೆ ಗೀರು ಶೀಸೆಗಳ ಸಾಲು ಕಂಡು ಹಾಜರಾಬಿ ನಿಂತೇಬಿಟ್ಟಳು.

"ಇವನ್ನ ಎಲ್ಲಿಂದ ತಂದಿ ಗುಲಾಬಸಾಬ?"

"ಎಲ್ಲಿಂದ ತರಲಿ ಆಪಾ, ತಿಪ್ಪಿಯಿಂದ. ತೊಳದೇನಿ ನೋಡು, ಮಾರಿ ಕಾಣತೈತಿ."

"ಇದರಾಗ ವಿಷ ಇತ್ತು."

"ಇತ್ತು. ಈಗಿಲ್ಲ. ನನ್ನ ಹೊಟ್ಟ್ಯಾಗೂ ನಿನ್ನೆ ಅನ್ನ ಇತ್ತು, ಈಗಿಲ್ಲ."

"ಚ್ಯಾಷ್ಟಿ ಮಾಡಬ್ಯಾಡ. ಮಂದಿ ಇದನ್ನ ಮುಟ್ಟಿದ ಕೂಡ್ಲೆ ಅಂಜಬೇಕಂತ ಗೀರು ಹಾಕಿರತಾರ."

"ಅಂಜೂದೆಲ್ಲಿಂದು. ಇದನ್ನ ಕೇಳಿ ಒಯ್ತಾರ. ಎಣ್ಣಿ ಕೈಯಿಂದ ಜಾರೂದಿಲ್ಲಂತ. ನಿನಗೊಂದು ಬೇಕೇನು?"

ಅವನು ಹೇಳಿದ್ದು ಖರೆ. ಆ ಗೀರು ಶೀಸೆಯಲ್ಲಿ ನಮ್ಮವರು ಹರಳೆಣ್ಣೆ ಇಟ್ಟುಕೊಂಡರು, ಕೊಬ್ಬರಿ ಎಣ್ಣೆ ಇಟ್ಟುಕೊಂಡರು, ಮುಚ್ಚಳಕ್ಕೆ ತೂತು ಹಾಕಿ ಬತ್ತಿ ತೂರಿಸಿ ಚಿಮಣಿ ದೀಪ ಮಾಡಿಕೊಂಡರು. ನಮ್ಮ ಅತ್ತೆಯೂ ಒಂದು ಇಟ್ಟಿದ್ದರು. ಕೈ ಹಿಂದೆ ಬರಲಿ ಎಂದು ಮಾಡಿದ ಗೀರು, ಕೈಗೆ ಗಟ್ಟಿಯಾಗಿ ಸಿಗುವ ಗೀರಾಯಿತು.

ಮಹಾಯುದ್ಧ ಶುರುವಾದ ಮೇಲೆ ದವಾಖಾನೆಗೆ ಸಾಮಾನು ಬರುವುದು ಕಡಿಮೆಯಾಯಿತು. ಮೊದಲು ನೀಲಿ ಬಣ್ಣ ನಿಂತಿತು. ಕೈನೀರು ಬಾವಿನೀರಿನ ಹಾಗೆ ತಿಳಿಯಾಗಿಯೇ ಬರತೊಡಗಿತು. ಆ ಹೊತ್ತಿಗೆ ಹಾಜರಾಬಿಯ ಕಣ್ಣುಗಳಲ್ಲೂ ಪೊರೆ ಬೆಳೆದಿತ್ತು. ಮನುಷ್ಯರು ಬಂದರೆ ನೆರಳು ಬಂದ ಹಾಗೆ ಕಾಣುತ್ತದೆ ಎನ್ನುತ್ತಿದ್ದಳು. ಸುಹಾಸಿನಿಬಾಯಿಯವರು ಕಣ್ಣಿನ ಡಾಕ್ಟರರ ಹತ್ತಿರ ಕಳಿಸುತ್ತೇನೆ ಎಂದರೆ, "ಸಿತಾರಾನ ಬಾಣಂತನ ಮುಗೀಲ್ರಿ ಬಾಯಾರ. ಆಮ್ಯಾಲೆ ಕಣ್ಣು ತೆಗೀರಿ, ಬೇಕಾದ್ರ ಮೂಗೂ ತೆಗೀರಿ" ಅಂದಳು. ಸಿತಾರಾಳಿಗೆ ಆಗಲೇ ಕೇಶ್ವಾಪುರದ ಮೌಲಾಲಿಯ ಜೊತೆ ಮದುವೆಯಾಗಿತ್ತು. ಅವನು ರೈಲ್ವೆ ಕಾರಖಾನೆಯಲ್ಲಿ ಕೆಲಸಕ್ಕಿದ್ದ, ಮಾತು ಕಡಿಮೆ, ಒಳ್ಳೆಯ ಹುಡುಗ. ದಿನ ತುಂಬುತ್ತ ಬಂದು ಅವಳು ತವರಿಗೆ ಬಂದಿದ್ದಳು.

ಅಷ್ಟರಲ್ಲಿ ಬೇರೆ ಓಣಿಯಲ್ಲಿ ಯಾರೋ ಗೀರು ಶೀಸೆಯಲ್ಲಿ ಎಣ್ಣೆ ಇಟ್ಟು, ಅದೇ ಗೂಡಿನಲ್ಲಿ ನೋವಿಗೆ ತಿಕ್ಕುವ ಔಷಧದ ಗೀರು ಶೀಸೆಯನ್ನೂ ಇಟ್ಟು, ಮುದುಕನೊಬ್ಬ ಹರಳೆಣ್ಣೆ ಎಂದು ಔಷಧ ಕುಡಿದು ಸಾಯುವ ಹಾಗಾದ. ಮೇಲಿನವರಿಂದ ಹುಕುಂ ಬಂತು: ಗೀರು ಶೀಸೆ ಇನ್ನು ದವಾಖಾನೆಯ ಹೊರಗೆ ಹೋಗಬಾರದು, ಹೋದದ್ದನ್ನು ಹಿಂದೆ ತೆಗೆದುಕೊಂಡು ಬೀರುವಿನಲ್ಲಿಡಬೇಕು. ಹಾಜರಾಬಿ ಸಿತಾರಾಳ ಹೆರಿಗೆಗೆ ಕೈನೀರು ತರಲು ಹೋದಾಗ ನಾನೂ ಜೊತೆಗಿದ್ದೆ. ಶಾಂತಯ್ಯನವರು ಅವಳ ಶೀಸೆ ತೆಗೆದುಕೊಂಡು ಒಳಗಿಟ್ಟು, ನುಣುಪಾದ ಬೇರೆ ಶೀಸೆಯಲ್ಲಿ ಕೈನೀರು ಹಾಕಿ ತಂದರು.

ಅವಳು ಅದನ್ನು ಬೆರಳಿಂದ ಸುತ್ತಲೂ ಸವರಿ ನೋಡಿದಳು.

"ಅಯ್ನಾರ, ನನ್ನ ಶೀಸೆ ನನಗ ಕೊಡ್ರಿ. ನಾ ಅದರಾಗ ಎಣ್ಣಿ ಹಾಕೂದಿಲ್ಲ, ಬೆಣ್ಣಿ ಹಾಕೂದಿಲ್ಲ."

"ನಿನ್ನ ಮ್ಯಾಲೆ ಸಂಶಯ ಇಲ್ಲ ಹಾಜರಾಬಿ. ಹುಕುಂ ಬಂದೈತಿ. ಒಬ್ಬಾಕಿಗೆ ಕೊಟ್ರ ಎಲ್ಲಾರಿಗೂ ಕೊಡಬೇಕಾಕ್ಕೈತಿ."

"ಹುಕುಂ ಮಾಡಿದವರಿಗೆ ಕಣ್ಣು ಅದಾವ್ರಿ. ನನಗ ಬೆರಳ ಕಣ್ಣು."

"ಕೆಂಪು ಚೀಟಿ ದೊಡ್ಡದು ಹಚ್ಚೇನಿ ನೋಡು."

"ಕೆಂಪಂದ್ರೂ ಬೂದಿ, ಹಸರಂದ್ರೂ ಬೂದಿರಿ ನನಗ."

ಶಾಂತಯ್ಯನವರು ಬೀರುವಿನ ಕಡೆ ಒಮ್ಮೆ ನೋಡಿದರು. ನೌಕರಿಯ ಮನುಷ್ಯ. "ಏನರೆ ಒಂದು ಗುರುತು ಮಾಡ್ಕೊ. ನಿನಗ ತಿಳಿಯೂವಂಥಾದ್ದು" ಅಂದರು.

ಹಾಜರಾಬಿ ಅಲ್ಲಿಯೇ ಕಿಟಕಿಯ ಕೆಳಗೆ ಕೂತು, ತನ್ನ ಜಡೆಗೆ ಕಟ್ಟಿದ್ದ ಕರಿದಾರದಲ್ಲಿ ಒಂದು ತುಂಡು ಹರಿದು, ಶೀಸೆಯ ಕೊರಳಿಗೆ ಸುತ್ತಿ ಗಂಟು ಹಾಕಿದಳು. "ದಾರ ಇದ್ದದ್ದು ವಿಷ" ಎಂದು ನನಗೆ ಹೇಳಿದಳು. ಮನೆಗೆ ಬಂದು ಸಿತಾರಾಳಿಗೂ ಹೇಳಿದಳು. ಸುಹಾಸಿನಿಬಾಯಿಯವರು ಸಿತಾರಾಳನ್ನು ನೋಡಲು ಬಂದಾಗ ಅದನ್ನು ಮುಟ್ಟಿ ನೋಡಿ, "ಛಲೋ ಮಾಡಿದಿ. ಹಿಂಗ ಇರಬೇಕು" ಎಂದು ಹೊಗಳಿ ಹೋದರು.

ಹೆರಿಗೆ ಹೂವೆತ್ತಿದ ಹಾಗೆ ಆಯಿತು. ಹಾಜರಾಬಿ ಮೊಣಕೈವರೆಗೆ ತೊಳೆದಳು, ಉಗುರು ತಿಕ್ಕಿದಳು, ಮತ್ತೆ ತೊಳೆದಳು. ಸಿತಾರಾ ನೋವಿನಲ್ಲೇ ಬೈದಳು: "ಅಮ್ಮಾ, ನೀ ಕೈ ತೊಳಿಯೂದರಾಗ ನನ್ನ ಕೂಸು ನಡದು ಬರತೈತಿ." ಹೆಣ್ಣುಕೂಸು, ಗಟ್ಟಿ ಅಳು. ಜ್ವರ ಬರುವುದಾದರೆ ಬರಬೇಕಾದ ದಿನ ಕಾದೆವು. ಹಾಜರಾಬಿ ಮಗಳ ಹಣೆ ಮುಟ್ಟುವುದು, ತನ್ನ ಹಣೆ ಮುಟ್ಟುವುದು, ಮತ್ತೆ ಮಗಳ ಹಣೆ ಮುಟ್ಟುವುದು. ಜ್ವರ ಬರಲಿಲ್ಲ. ಗೋಡೆಯ ಆಚೆಯಿಂದ ಅವಳು ಒಬ್ಬಳೇ ಏನೋ ಗುನುಗುವುದು ನನಗೆ ಕೇಳಿಸುತ್ತಿತ್ತು. ಹಿರಿಯ ಮಗಳು ಹೋದ ಮೇಲೆ ನಾನು ಆ ದನಿ ಕೇಳಿರಲಿಲ್ಲ.

ಸಿತಾರಾಳಿಗೆ ಹೊಟ್ಟೆ ಕಟ್ಟಿದೆ ಎಂದು ಸುಹಾಸಿನಿಬಾಯಿಯವರು ಜುಲಾಬಿನ ಔಷಧ ಬರೆದುಕೊಟ್ಟರು. ಮೌಲಾಲಿ ದವಾಖಾನೆಯಿಂದ ತಂದ. ಅದೂ ನೀರಿನಂತೆ ತಿಳಿ, ಅದೂ ಅದೇ ಅಳತೆಯ ನುಣುಪು ಶೀಸೆ. ಬಾಣಂತಿ ಕೋಣೆಗೆ ನೆರೆಯ ಮಕ್ಕಳು ಕೂಸು ನೋಡಲು ಬಂದುಹೋಗಿ ಮಾಡುತ್ತಿದ್ದರು. ಅವರ ಕೈಗೆ ಸಿಗಬಾರದೆಂದು ಹಾಜರಾಬಿ ಎರಡೂ ಶೀಸೆಗಳನ್ನು ಗೋಡೆಯ ಮೇಲಿನ ಗೂಡಿನಲ್ಲಿಟ್ಟಳು.

ಮರುದಿನ ಮುಂಜಾನೆ ಮೌಲಾಲಿಯ ತಾಯಿ ಕೇಶ್ವಾಪುರದಿಂದ ಬಂದು ಮೊಮ್ಮಗಳನ್ನು ನೋಡಿ ಹೋದಳು. ಸಿತಾರಾ ಮಲಗಿದ್ದಳು, ಹಾಜರಾಬಿ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಳು. ಬಾಣಂತಿಯನ್ನು ಎಬ್ಬಿಸಬಾರದೆಂದು ಅತ್ತೆ ಕೋಣೆಯಲ್ಲಿ ತುಸು ಹೊತ್ತು ಕೂತು, ಕೂಸಿನ ಕಾಲು ಮುಟ್ಟಿ ಮುದ್ದಿಟ್ಟುಕೊಂಡು ಎದ್ದಳು.

ಆಮೇಲೆ ನಡೆದದ್ದನ್ನು ಆ ತಾಯಿ ಮಗಳೇ ನನಗೆ ಹೇಳಿದ್ದು. ಸಿತಾರಾ ಕೂಸಿಗೆ ಹಾಲು ಕೊಡುತ್ತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಾಯಿ ಗೂಡಿನ ಮುಂದೆ ನಿಂತು ಶೀಸೆಗಳ ಕೊರಳು ಮುಟ್ಟಿ ನೋಡಿ, ದಾರ ಇಲ್ಲದ್ದನ್ನು ತೆಗೆದು, ಬಟ್ಟಲಿಗೆ ಹಾಕಿ ತಂದು ಕೊಟ್ಟಳು. ಒಂದು ಗುಟುಕು ಕುಡಿದು ಸಿತಾರಾ ಮುಖ ಕಿವುಚಿದಳು.

"ಅಮ್ಮಾ, ಇದೇನಿದು, ಬಾಯಿ ಸುಡತೈತಿ."

"ಔಷಧ ಅಂದ್ರ ಪಾಯಸ ಇರತೈತೇನು? ಮೂಗು ಹಿಡಕೊಂಡು ನುಂಗು, ನನ್ನ ಬಂಗಾರ."

ಅವಳು ತಾಯಿಯ ಮಾತು ಕೇಳುವ ಮಗಳು. ಮೂಗು ಹಿಡಿದುಕೊಂಡು ಬಟ್ಟಲು ಬರಿದು ಮಾಡಿದಳು.

ನಾನು ಮೆಂತ್ಯದ ಗಂಜಿ ತೆಗೆದುಕೊಂಡು ಹೋದಾಗ ಸಿತಾರಾ ಹೊರಸಿನ ಅಂಚಿಗೆ ಬಗ್ಗಿ ವಾಂತಿ ಮಾಡುತ್ತಿದ್ದಳು. ಹಾಜರಾಬಿ ಅವಳ ಬೆನ್ನು ಸವರುತ್ತ, "ಜುಲಾಬು ಭಾಳ ಖಾರ ಆತೇನ" ಎನ್ನುತ್ತಿದ್ದಳು. ನಾನು ಗೂಡಿನ ಕಡೆ ನೋಡಿದೆ. ಬಿರಡೆ ತೆಗೆದಿಟ್ಟದ್ದು ಕೆಂಪು ಚೀಟಿಯ ಶೀಸೆ. ಕರಿದಾರ ಇದ್ದದ್ದು ಇನ್ನೊಂದರ ಕೊರಳಿಗೆ.

ಕೆಂಪು ಚೀಟಿಯ ಶೀಸೆ ತಂದು ಅವಳ ಕೈಗಿಟ್ಟು, "ಇದರಾಗಿಂದು ಕೊಟ್ಟೀಯೇನ?" ಅಂದೆ. ಅವಳು ಕೊರಳು ಮುಟ್ಟಿದಳು. "ಹೂಂ, ದಾರ ಇಲ್ಲದ್ದು" ಅಂದಳು. ನನ್ನ ದನಿಯಲ್ಲಿ ಏನಿತ್ತೋ, ಅವಳು ಶೀಸೆ ಬಗ್ಗಿಸಿ ಒಂದು ಹನಿ ನಾಲಗೆಗೆ ಹಚ್ಚಿಕೊಂಡಳು. ಅವಳ ಮುಖ ಆಗ ಹೇಗಾಯಿತೆಂದು ನಾನು ಹೇಳಲಾರೆ.

ಆದರೂ ಅವಳು ಕೂಡಲಿಲ್ಲ. "ತತ್ತಿ ತಾ ರುಕ್ಮವ್ವಾ. ಎಷ್ಟ್ ಸಿಗತಾವ ಅಷ್ಟ್ ತಾ. ಲಗೂ." ಓಣಿಯ ಮನೆಮನೆಯ ಕೋಳಿಬುಟ್ಟಿಯಿಂದ ಹೆಣ್ಣುಮಕ್ಕಳು ತತ್ತಿ ತಂದರು. ಹುಟ್ಟಿದ ಮೇಲೆ ತತ್ತಿ ಮುಟ್ಟದ ನಾನು ಅಂದು ಒಡೆದು ಒಡೆದು ಬಿಳಿಯದನ್ನು ಬೇರೆ ಮಾಡಿ ಬಟ್ಟಲು ತುಂಬಿದೆ. ಹಾಜರಾಬಿ ಮಗಳ ತಲೆ ಎತ್ತಿ ಹಿಡಿದು ಕುಡಿಸಿದಳು. ಕಲಿತದ್ದರಲ್ಲಿ ಅವಳು ಒಂದನ್ನೂ ಮರೆತಿರಲಿಲ್ಲ. ಮೌಲಾಲಿ ಟಾಂಗಾ ತಂದ, ಸುಹಾಸಿನಿಬಾಯಿಯವರು ಓಡಿ ಬಂದರು, ಸಿತಾರಾಳನ್ನು ದೊಡ್ಡ ದವಾಖಾನೆಗೆ ಒಯ್ದರು.

ಅಲ್ಲಿ ಹೊಟ್ಟೆ ತೊಳೆದರು. ರಕ್ತ ಬಿದ್ದಿತು, ಬಾಯಿ ಹುಣ್ಣಾಯಿತು, ಎಂಜಲು ನಿಲ್ಲದೆ ಸುರಿಯಿತು. ಆಮೇಲೆ ಒಂದೊಂದಾಗಿ ಎಲ್ಲ ನಿಂತವು. ವಾಂತಿ ನಿಂತಿತು, ನೋವು ನಿಂತಿತು. ನಾವು ಗೆದ್ದೆವು ಎಂದುಕೊಂಡೆವು. ಡಾಕ್ಟರರು ಮಾತ್ರ ನಗಲಿಲ್ಲ. "ಒಂದಕ್ಕ ಹೋದಳೇನು?" ಎಂದು ಕೇಳಿ ಹೋಗುತ್ತಿದ್ದರು. ಸುಹಾಸಿನಿಬಾಯಿಯವರು ದಿನಾ ಬಂದು ಅದನ್ನೇ ಕೇಳುತ್ತಿದ್ದರು. "ಒಂದಕ್ಕ ಹೋದಳೇನು ಹಾಜರಾಬಿ?" ಇಲ್ಲ. ಹೋಗಿರಲಿಲ್ಲ. ಆ ವಿಷ ಮೂತ್ರದ ದಾರಿಯನ್ನೇ ಒಳಗಿನಿಂದ ಮುಚ್ಚುತ್ತದಂತೆ. ಅಷ್ಟು ದಿನ ನಾವೆಲ್ಲ, ಆ ತಾಯಿ, ಆ ಗಂಡ, ಓಣಿಯ ಮಂದಿ, ಬೇಡಿಕೊಂಡದ್ದು ಇದೊಂದನ್ನೇ. ಇಂಥದ್ದನ್ನು ಯಾವ ದೇವರ ಹತ್ತಿರ ಹೇಗೆ ಬೇಡುವುದೆಂದು ಗೊತ್ತಿಲ್ಲದೆ ಬೇಡಿಕೊಂಡೆವು.

ಸಿತಾರಾಳಿಗೆ ಎಚ್ಚರ ಚೆನ್ನಾಗಿಯೇ ಇತ್ತು. ಅವಳ ಹಾಲು ಕುಡಿಸಬಾರದೆಂದು ಹೇಳಿದ್ದರು. ನನ್ನ ಎರಡನೆಯದು ಇನ್ನೂ ಮೊಲೆಹಾಲಿನ ಕೂಸು, ಜೊತೆಗೆ ಅವಳ ಕೂಸಿಗೂ ನಾನೇ ಕುಡಿಸುತ್ತಿದ್ದೆ. ಕೂಸನ್ನು ತೋರಿಸಲು ಒಯ್ದಾಗ ಹುಣ್ಣಾದ ಬಾಯಲ್ಲೇ ನಕ್ಕಳು.

"ನಿನ್ನ ಹಾಲು ಕುಡದ ಮ್ಯಾಲೆ ನನ್ನ ಮಗಳು ಮಾಂಸ ಮುಟ್ಟೂದಿಲ್ಲ ನೋಡ ರುಕ್ಮವ್ವಕ್ಕಾ. ನಮ್ಮತ್ತಿ ನಿನ್ನ ಬಿಡೂದಿಲ್ಲ."

"ಲಗೂ ಆರಾಮಾಗಿ ಬಂದು ನೀನ ಕುಡಸು ಹಂಗಾದ್ರ."

"ಬರ್ತೇನಿ. ಅಮ್ಮಗ ಹೇಳು, ಅಳಬ್ಯಾಡಂತ. ಕಣ್ಣಿಗಿ ಔಷಧ ಹಾಕಸಬೇಕು, ಅತ್ರ ಹಾಕೂದಿಲ್ಲ ಅವರು."

ಹೊರಗೆ ಜನ ಮಾತಾಡತೊಡಗಿದ್ದರು. ಕುರುಡಿ, ದಾರವನ್ನು ತಪ್ಪು ಶೀಸೆಗೆ ಕಟ್ಟಿದ್ದಾಳೆ ಎಂದು. ಹಾಜರಾಬಿ ಮೊದಲು ಒಪ್ಪಲಿಲ್ಲ. "ನಾ ಕಟ್ಟಿದ್ದು ಕೈನೀರಿಗೇ. ನೀನ ನೋಡೀಯಲ್ಲ ರುಕ್ಮವ್ವಾ" ಎಂದು ನನ್ನ ಕೈ ಹಿಡಿದು ಕೇಳುತ್ತಿದ್ದಳು. ನಾನು ನೋಡಿದ್ದೆ. ಹಾಗೆಂದು ಹೇಳಿದೆ ಕೂಡ. ಆದರೆ ಎಲ್ಲರೂ ಒಂದೇ ಮಾತು ಹೇಳುವಾಗ ಅವಳಿಗೇ ತನ್ನ ಬೆರಳುಗಳ ಮೇಲೆ ನಂಬಿಕೆ ಹೋಗತೊಡಗಿತು. "ಮನ್ಯಾಗ ಬಿಚ್ಚಿ ಮತ್ತ ಕಟ್ಟಿದ್ನೇನ?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ದೊಡ್ಡ ದವಾಖಾನೆಯ ಪಡಸಾಲೆಯಲ್ಲಿ ನಾವು ಮೂವರು ಕೂತಿದ್ದೆವು, ಹಾಜರಾಬಿ, ನಾನು, ಮೌಲಾಲಿಯ ತಾಯಿ. ಒಳಗೆ ಸಿತಾರಾಳ ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ಕರೆದರೆ ಹೂಂ ಎನ್ನುತ್ತಿದ್ದಳು, ಅಷ್ಟೇ. ಮೌಲಾಲಿಯ ತಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತ ಹೇಳಿದಳು:

"ಎಷ್ಟ್ ಜ್ವಾಕಿ ಮಾಡಿದ್ವಿ. ದೃಷ್ಟಿ ತಾಗಬಾರದಂತ ಔಷಧದ ಶೀಸೆಗೆ ದಾರ ಸೈತ ಕಟ್ಟಿ ಬಂದಿದ್ದೆ. ಪಾಪ, ನಿಮಗ ಕಣ್ಣಿಲ್ಲ. ದೃಷ್ಟಿ ದಾರ ಹೋಗಿ ಹೋಗಿ ಕೈನೀರಿನ ಶೀಸೆಗೆ ಕಟ್ಟಿದ್ರಿ. ಅದನ್ನ ಬಿಚ್ಚಿ, ಬಿಸ್ಮಿಲ್ಲಾ ಅಂದು ಔಷಧಕ್ಕ ಕಟ್ಟಿದೆ. ಆದರೂ ಹಿಂಗಾತಲ್ಲ ಬಹಿನಾ. ಯಾರ ಕಣ್ಣು ಬಿತ್ತೋ."

ಬಾಣಂತಿಯ ಕೋಣೆಯಲ್ಲಿ ದೃಷ್ಟಿಗೆಂದು ಕರಿದಾರ ಕಟ್ಟದ ಮನೆ ನಮ್ಮ ಕಡೆ ಯಾವುದಿದೆ? ಹೊರಸಿನ ಕಾಲಿಗೆ ಕಟ್ಟುತ್ತೇವೆ, ತೊಟ್ಟಿಲಿಗೆ ಕಟ್ಟುತ್ತೇವೆ. ಕೆಂಪು ಚೀಟಿ ಅವಳಿಗೆ ಕಂಡಿತ್ತು. ಯಾವುದು ವಿಷ, ಯಾವುದು ಔಷಧ ಎಂದು ಅವಳಿಗೆ ಸರಿಯಾಗಿಯೇ ಗೊತ್ತಿತ್ತು. ಅದಕ್ಕೇ ದಾರವನ್ನು ಒಳ್ಳೆಯದರ ಕೊರಳಿಗೆ ಕಟ್ಟಿದ್ದಳು.

ನಾನು ಹಾಜರಾಬಿಯ ಕಡೆ ನೋಡಿದೆ. ಅವಳು ಕೈ ಚಾಚಿ ನನ್ನ ಕೈ ಹುಡುಕಿ, ಗಟ್ಟಿಯಾಗಿ ಒತ್ತಿದಳು. ಸುಮ್ಮನಿರು ಎಂದು. ಆಮೇಲೆ ಮೌಲಾಲಿಯ ತಾಯಿಯ ಕಡೆ ತಿರುಗಿ, "ಹೌದ್ರಿ. ನಾನ ತಪ್ಪಿ ಕಟ್ಟಿದ್ದೆ. ಕಣ್ಣಿಲ್ಲ ನನಗ" ಅಂದಳು. ಅವಳ ದನಿ ಬೇರೆಯಾಗಿತ್ತು. ತನ್ನ ಬೆರಳು ತಪ್ಪಿರಲಿಲ್ಲ ಎಂದು ಗೊತ್ತಾದ ಗಳಿಗೆಯಲ್ಲೇ ಅವಳು ಆ ತಪ್ಪನ್ನು ತನ್ನದೆಂದು ತೆಗೆದುಕೊಂಡಳು. ಆ ಹೆಣ್ಣುಮಗಳು ಮುಂದೆ ಕೂಸನ್ನು ಬೆಳೆಸಬೇಕಾದವಳು. ಹಾಜರಾಬಿ ಅದನ್ನು ಯೋಚಿಸಿದಳೋ, ಅಥವಾ ಇನ್ನು ಯಾರ ತಪ್ಪಾದರೇನು ಎನಿಸಿತೋ, ನಾನು ಯಾವತ್ತೂ ಕೇಳಲಿಲ್ಲ.

ಮರುದಿನ ಇಳಿಹೊತ್ತಿನ ಅಸರ್ ನಮಾಜಿಗೆ ಸಿತಾರಾ ಹೋದಳು. ಜ್ವರವಿರಲಿಲ್ಲ. ಹಾಜರಾಬಿ ಕೊನೆಯವರೆಗೂ ಹಣೆಯ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಹಣೆ ತಣ್ಣಗೇ ಇತ್ತು.

ವಿಚಾರಣೆಗೆ ಯಾರೋ ಬಂದರು. ಶಾಂತಯ್ಯನವರು ತಾವು ಹುಕುಮಿನ ಪ್ರಕಾರ ಕೊಟ್ಟದ್ದಾಗಿ, ಕೆಂಪು ಚೀಟಿ ಹಚ್ಚಿದ್ದಾಗಿ, ಬಾಯಿಂದಲೂ ಹೇಳಿದ್ದಾಗಿ ಹೇಳಿದರು. ಎಲ್ಲವೂ ಖರೆಯೇ. ಅವರು ಆಮೇಲೆ ಹಾಜರಾಬಿಯ ಮನೆಯ ಮುಂದೆ ಹಾದುಹೋಗುವುದನ್ನು ಬಿಟ್ಟು, ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದರು. ಗೀರು ಶೀಸೆಗಳು ಬೀರುವಿನಲ್ಲಿ ಸಾಲಾಗಿ ಕೂತಿದ್ದವು. ಗಾಜಿನ ಬಾಗಿಲಿನಿಂದ ನಮಗೆಲ್ಲ ಕಾಣುತ್ತಿದ್ದವು.

ತಿಂಗಳು ಕಳೆದ ಮೇಲೆ ಸುಹಾಸಿನಿಬಾಯಿಯವರು ಹಾಜರಾಬಿಯ ಮನೆಗೆ ಬಂದರು. ಓಣಿಯಲ್ಲಿ ಮತ್ತಿಬ್ಬರು ದಿನ ತುಂಬಿದವರಿದ್ದರು. ನನ್ನ ನಾದಿನಿ ಒಬ್ಬಳು.

"ನೀ ಬರಬೇಕು ಹಾಜರಾಬಿ. ನಾ ಬಾಜೂಕ ನಿಂತಿರತೇನಿ. ನೀರು ನಾನ ಕಲಸಿ ಕೊಡತೇನಿ, ಶೀಸೆ ನಿನ್ನ ಕೈಗೆ ಬರೂದಿಲ್ಲ. ಕೈ ತೊಳಕೊಂಡು ಕೂಸು ಹಿಡಿ, ಸಾಕು."

ಹಾಜರಾಬಿ ತನ್ನ ಎರಡೂ ಕೈ ಮುಂದೆ ಮಾಡಿದಳು.

"ತೊಳಿಯದ ಕೈಯಿಂದ ಒಬ್ಬಾಕಿ ಹೋದ್ಲು. ತೊಳದ ಕೈಯಿಂದ ಒಬ್ಬಾಕಿ ಹೋದ್ಲು. ಈಗ ಯಾವ ಕೈ ತರಲಿ ಹೇಳ್ರಿ ಬಾಯಾರ?"

ಕೊಟ್ಟ ಚಹಾ ಹಾಗೆಯೇ ಬಿಟ್ಟು ಸುಹಾಸಿನಿಬಾಯಿಯವರು ಎದ್ದು ಹೋದರು.

ನಮ್ಮ ಓಣಿಯಲ್ಲಿ ಇನ್ನು ಕೈನೀರಿನ ಹೆಸರು ಎತ್ತುವಂತಿರಲಿಲ್ಲ. ಮನೆಯೊಳಗೆ ಸಾವು ತರುವ ನೀರು ಎಂದು ಅದನ್ನು ಯಾರೂ ಹೊಸ್ತಿಲು ದಾಟಿಸಲಿಲ್ಲ. ಬಾಯಿಯವರು ತಾವೇ ಬಂದರೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು. ಹೆರಿಗೆಗೆ ಬೀರವ್ವನನ್ನು ಕರೆಸಿದರು. ಅವಳು ಎಲೆ ಅಡಿಕೆ ಉಗುಳಿ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಕೈ ತೊಳೆ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದೆ. ನಮ್ಮ ಅತ್ತೆ, "ಸಿತಾರಾನ ತಾಯಿ ತೊಳದಿದ್ಲಲ್ಲ" ಅಂದರು. ನನ್ನ ನಾದಿನಿ ಬಾಣಂತಿ ಜ್ವರದಲ್ಲಿ ಹೋದಳು. ಜನ ಬಂದು ಕೂತು, ದೇವರ ಇಚ್ಛೆ ಎಂದು ಹೇಳಿ ಎದ್ದು ಹೋದರು.

ಹಾಜರಾಬಿ ಕಣ್ಣಿನ ಪೊರೆ ತೆಗೆಸಿಕೊಳ್ಳಲಿಲ್ಲ. ನೋಡಬೇಕಾದದ್ದು ಏನೂ ಉಳಿದಿಲ್ಲ ಅನ್ನುತ್ತಿದ್ದಳು.

ಒಂದು ಹಬ್ಬಕ್ಕೆ ಮೌಲಾಲಿ ಮಗಳನ್ನು ಕರೆದುಕೊಂಡು ಬಂದಿದ್ದ. ಹುಡುಗಿ ಆಗ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅಜ್ಜಿಯ ತೊಡೆಯ ಮೇಲೆ ಕೂಡಿಸಿದ. ಹಾಜರಾಬಿ ಕೈ ಮುಟ್ಟಿಸಲಿಲ್ಲ. ಸೆರಗಿನೊಳಗೆ ಎರಡೂ ಕೈ ಸುತ್ತಿಕೊಂಡು ಕೂತಳು. ಹುಡುಗಿಯೇ ಆ ಸೆರಗು ಎಳೆದು, ಅಜ್ಜಿಯ ಬೆರಳು ಹಿಡಿದುಕೊಂಡಳು. ಹುಡುಗಿಯ ಮಣಿಕಟ್ಟಿಗೆ ಒಂದು ಕರಿದಾರವಿತ್ತು, ಮೌಲಾಲಿಯ ತಾಯಿ ದೃಷ್ಟಿಗೆಂದು ಕಟ್ಟಿದ್ದು. ಹಾಜರಾಬಿಯ ಬೆರಳು ಅದರ ಮೇಲೆ ಬಂದು ನಿಂತಿತು. ಬೆಂಕಿ ಮುಟ್ಟಿದ ಹಾಗೆ ಕೈ ಹಿಂದೆ ಎಳೆದುಕೊಂಡಳು.

"ರುಕ್ಮವ್ವಾ, ಕೂಸಿನ್ನ ಎತ್ತಿಕೋ" ಅಂದಳು.

ನಾನು ಎತ್ತಿಕೊಂಡೆ.